ಲಾರಿಯ ಕಲ್ಲುಗಳು ಪೂಜೆಗೆ ಕೂತ ದಿನ

ನಾನು ಚಿಕ್ಕವಳಿದ್ದಾಗ ಬನಶಂಕರಿಯ ನಮ್ಮ ಮನೆಯ ಮುಂದೆ ಒಂದು ಸೈನ್ಯದ ಲಾರಿ ನಿಂತಿರುತ್ತಿತ್ತು. ನಮ್ಮದೇ ಲಾರಿ. ಅಕ್ಕಪಕ್ಕದ ಮನೆಗಳ ಮುಂದೆ ಸೈಕಲ್ಲು, ಹೆಚ್ಚೆಂದರೆ ಒಂದು ಸ್ಕೂಟರು ಇದ್ದ ಕಾಲ ಅದು. ಹಳೆಯದಾಯಿತೆಂದು ಸೈನ್ಯದವರು ಹರಾಜಿಗೆ ಹಾಕಿದ್ದನ್ನು ಅಪ್ಪ ಕೂಗಿ ತಂದಿದ್ದರು. ಅಪ್ಪ ಸೈನ್ಯದಲ್ಲಿದ್ದವರಲ್ಲ. ಆಫೀಸಿನಲ್ಲಿ ಫೈಲುಗಳ ಮಧ್ಯೆ ಕೂರುವ ಗುಮಾಸ್ತರು. ನಮ್ಮ ಮನೆಗೆ ಬಂದ ಮೇಲೆ ಆ ಲಾರಿ ಒಂದು ಮೂಟೆ ಸಿಮೆಂಟನ್ನೂ ಹೊತ್ತಿರಲಿಲ್ಲ. ಮತ್ತೆ ಯಾಕೆ ಬೇಕಿತ್ತು ಎಂದು ಮಕ್ಕಳೇ, ನೀವು ಕೇಳುತ್ತೀರಿ. ಅಮ್ಮನೂ ದಿನಾ ಅದನ್ನೇ ಕೇಳುತ್ತಿದ್ದಳು. ಹುಚ್ಚು, ಅಷ್ಟೇ. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ನಾಟಕದ ಹುಚ್ಚು, ಅಪ್ಪನಿಗೆ ಇದು.

ಖಾಸಗಿಯವರು ಸೈನ್ಯದ ಬಣ್ಣ ಇಟ್ಟುಕೊಳ್ಳುವ ಹಾಗಿಲ್ಲವೆಂದು ಅಪ್ಪ ಅದಕ್ಕೆ ನೀಲಿ ಬಳಿದಿದ್ದರು. ಉಗುರಿನಿಂದ ಗೀಚಿದರೆ ಸಾಕು, ಒಳಗಿನ ಹಸಿರು ಇಣುಕುತ್ತಿತ್ತು. ನಾನು ಎಷ್ಟು ಕಡೆ ಗೀಚಿದ್ದೆನೋ ಲೆಕ್ಕವಿಲ್ಲ. ಒಳಗೆ ಕೂತರೆ ಪೆಟ್ರೋಲು, ಗ್ರೀಸು, ನೆನೆದು ಒಣಗಿದ ಟಾರ್ಪಾಲಿನ ವಾಸನೆ. ಭಾನುವಾರ ಬೆಳಗ್ಗೆಯಿಂದ ಅಪ್ಪನ ಎರಡು ಕಾಲು ಮಾತ್ರ ಲಾರಿಯ ಕೆಳಗಿಂದ ಹೊರಗೆ ಕಾಣುತ್ತಿದ್ದವು. ದಾರಿಯಲ್ಲಿ ಹೋಗುವವರು ಬಗ್ಗಿ, "ಏನ್ ಸಾರ್, ಯುದ್ಧಕ್ಕೆ ಯಾವಾಗ ಹೊರಡ್ತೀರಿ?" ಎಂದು ಕೇಳುತ್ತಿದ್ದರು. ಅಪ್ಪ ಕೆಳಗಿನಿಂದಲೇ ನಗುತ್ತಿದ್ದರು.

ನಮ್ಮ ರಸ್ತೆ ಇಳಿಜಾರು. ಕೆಳಗೆ ಹೋಗಿ ಬಸ್ಸು ಓಡಾಡುವ ದೊಡ್ಡ ರಸ್ತೆಗೆ ಸೇರುತ್ತಿತ್ತು. ಅಪ್ಪ ಲಾರಿಯನ್ನು ಇಳಿಜಾರಿನ ಕಡೆಗೇ ಮೂತಿ ಮಾಡಿ ನಿಲ್ಲಿಸುತ್ತಿದ್ದರು. ಬ್ಯಾಟರಿ ಕೈಕೊಟ್ಟರೆ ಸ್ವಲ್ಪ ಉರುಳಿಸಿ ಸ್ಟಾರ್ಟ್ ಮಾಡಬಹುದಲ್ಲ, ಅದಕ್ಕೆ. ಆದರೆ ಹ್ಯಾಂಡ್‌ಬ್ರೇಕ್ ನಂಬುವಂತಿರಲಿಲ್ಲ. ಹಾಗಾಗಿ ನಿಲ್ಲಿಸಿದಾಗ ಗಾಡಿ ಗೇರಿನಲ್ಲಿರಬೇಕು, ಮುಂದಿನ ಎರಡು ಚಕ್ರಕ್ಕೂ ಒಂದೊಂದು ದಪ್ಪ ಕಲ್ಲು ಕೊಟ್ಟಿರಬೇಕು. ಇದು ನಮ್ಮ ಮನೆಯಲ್ಲಿ ಹಲ್ಲುಜ್ಜುವಷ್ಟೇ ಕಟ್ಟುನಿಟ್ಟಾದ ನಿಯಮವಾಗಿತ್ತು.

ಆ ವರ್ಷದ ಆಯುಧಪೂಜೆಯ ಬೆಳಗ್ಗೆ ಅಪ್ಪ ಲಾರಿಯನ್ನು ಕೊಡಗಟ್ಟಲೆ ನೀರು ಹಾಕಿ ತೊಳೆದರು. ಅಕ್ಕ ಬಂಪರಿಗೆ ಬಾಳೆಕಂದು ಕಟ್ಟಿದಳು. ನನಗೆ ಅಪ್ಪ ಒಂದು ದೊಡ್ಡ ಕೆಲಸ ಕೊಟ್ಟರು.

"ಗಾಡಿಗೋಸ್ಕರ ದುಡಿಯೋದೆಲ್ಲಾ ಆಯುಧಾನೇ ಪುಟ್ಟಿ. ಒಂದೂ ಬಿಡ್ಬೇಡ. ಎಲ್ಲಾ ತೊಳೆದು ಮಣೆ ಮೇಲೆ ಜೋಡ್ಸು."

ಗೇಟಿನ ಪಕ್ಕ ಮಣೆ ಹಾಕಿ ನಾನು ಜೋಡಿಸಿದೆ. ಸ್ಪ್ಯಾನರುಗಳು, ಜಾಕು, ಗ್ರೀಸಿನ ಡಬ್ಬಿ, ಎಂಜಿನ್ನಿಗೆ ಹಾಕಿ ತಿರುಗಿಸುವ ಉದ್ದನೆಯ ಹ್ಯಾಂಡಲು. ಎಲ್ಲಕ್ಕೂ ಅರಿಶಿನ, ಕುಂಕುಮ, ಒಂದೊಂದು ಸೇವಂತಿಗೆ. ಆಮೇಲೆ ನನ್ನ ಕಣ್ಣು ಚಕ್ರದ ಕಲ್ಲುಗಳ ಮೇಲೆ ಬಿತ್ತು. ವರ್ಷವಿಡೀ ಬಿಸಿಲು ಮಳೆಯಲ್ಲಿ ಲಾರಿಯನ್ನು ತಡೆದು ನಿಲ್ಲಿಸಿದ್ದು ಅವೇ ಅಲ್ಲವೇ? ಅವುಗಳಷ್ಟು ದುಡಿದವರು ಇನ್ಯಾರಿದ್ದಾರೆ? ಅವಕ್ಕೆ ಪೂಜೆ ಇಲ್ಲವೆಂದರೆ ಎಷ್ಟು ಅನ್ಯಾಯ ಅನ್ನಿಸಿತು ನನಗೆ. ಇನ್ನೊಂದು ಕಲ್ಲಿನಿಂದ ಗುದ್ದಿ ಗುದ್ದಿ ಎರಡನ್ನೂ ಸಡಿಲಿಸಿ ಹೊರಗೆಳೆದೆ. ಗಾಡಿ ಗೇರಿನಲ್ಲಿತ್ತು, ಒಂದಿಷ್ಟೂ ಅಲುಗಲಿಲ್ಲ. ಕಲ್ಲಿಲ್ಲದೆಯೂ ನಿಲ್ಲುತ್ತದೆ ಎಂದು ನಾನು ನಂಬಿಬಿಟ್ಟೆ. ಕಲ್ಲಿದ್ದ ಜಾಗದಲ್ಲಿ ಒಂದೊಂದು ನಿಂಬೆಹಣ್ಣು ಇಟ್ಟೆ; ಪೂಜೆಯಾದ ಮೇಲೆ ಗಾಡಿ ಅದರ ಮೇಲೆ ಹಾದು ಹೋಗಬೇಕು ತಾನೆ? ಅಕ್ಕ ಬಂದು ಚಕ್ರಗಳ ಬುಡಕ್ಕೆ ರಾಶಿ ಚೆಂಡುಹೂ ಸುರಿದು ಹೋದಳು. ಕಲ್ಲಿದೆಯೋ ನಿಂಬೆಹಣ್ಣಿದೆಯೋ, ಹೂವಿನ ಕೆಳಗೆ ಏನೂ ಕಾಣುವಂತಿರಲಿಲ್ಲ.

ಅಪ್ಪ ಪೂಜೆ ಮಾಡಿದರು. ಮಣೆಯ ಮೇಲೆ ಏನೇನಿದೆ ಎಂದು ಅವರು ಒಂದೊಂದನ್ನೇ ನೋಡಲಿಲ್ಲ; ಮಂಗಳಾರತಿ ತಟ್ಟೆಯನ್ನು ಸುತ್ತಿಸಿ ಕಣ್ಣು ಮುಚ್ಚಿಕೊಂಡರು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದು ಎಂದು ಅಮ್ಮ ಹೇಳಿದರೂ, ಕೆನ್ನೆ ಬಡಿದುಕೊಂಡು ಹ್ಯಾಂಡಲನ್ನು ಮಾತ್ರ ಎತ್ತಿಕೊಂಡರು. ಬ್ಯಾಟರಿ ಸತ್ತಿತ್ತು. ಹಬ್ಬದ ದಿನ ರಸ್ತೆಯ ತುಂಬಾ ಜನ, ಉರುಳಿಸಿ ಸ್ಟಾರ್ಟ್ ಮಾಡುವುದು ಬೇಡವೆಂದು ಹ್ಯಾಂಡಲ್ ಹೊಡೆಯಲು ಹೊರಟರು.

ಹ್ಯಾಂಡಲ್ ಹೊಡೆಯುವಾಗ ಒಳಗೆ ಕೂತು ಚೋಕ್ ಗುಂಡಿ ಎಳೆದು ಹಿಡಿಯುವವಳು ಯಾವಾಗಲೂ ನಾನೇ. ಅಪ್ಪ ನನ್ನನ್ನು ಎತ್ತಿ ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿದರು. ಗೇರಿನಲ್ಲಿದ್ದರೆ ಹ್ಯಾಂಡಲ್ ತಿರುಗುವುದಿಲ್ಲ. ಕಲ್ಲುಗಳು ಇದ್ದೇ ಇವೆ ಎಂಬ ಧೈರ್ಯ ಅವರಿಗೆ. ಇಳಿದು ಮುಂದೆ ಹೋಗಿ ಬಂಪರಿನ ಎದುರು ಬಗ್ಗಿ ನಿಂತರು. ಅವರ ಹಿಂದೆ ಹತ್ತು ಹೆಜ್ಜೆ ಕೆಳಗೆ ಎದುರುಮನೆ ಅಜ್ಜಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅಜ್ಜಿಗೆ ಮಂಡಿನೋವು, ಒಂದು ಹೆಜ್ಜೆ ಇಡಲು ನಮ್ಮ ಹತ್ತು ಹೆಜ್ಜೆಯಷ್ಟು ಹೊತ್ತು ಬೇಕು. ಪಕ್ಕದಲ್ಲಿ ಅಕ್ಕ ಬೂದುಗುಂಬಳಕಾಯಿ ಅಪ್ಪಿಕೊಂಡು ಕಾಯುತ್ತಿದ್ದಳು.

ಅಪ್ಪ ಒಂದು ಸಲ ಹೊಡೆದರು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಎರಡನೇ ಸಲವೂ ಹಾಗೇ. ನಾನು ಚೋಕ್ ಎಳೆದು ಹಿಡಿದು, ಬೇಜಾರಾಗಿ ಪಕ್ಕದ ಕಿಟಕಿಯಿಂದ ಗೇಟಿನ ಕಡೆ ನೋಡಿದೆ. ಮಣೆಯ ಮೇಲೆ ನನ್ನ ಕಲ್ಲುಗಳು ಕುಂಕುಮ ಇಟ್ಟುಕೊಂಡು, ಹೂ ಮುಡಿದುಕೊಂಡು ಕೂತಿದ್ದವು. ಮೊದಲು ಹೆಮ್ಮೆಯೇ ಆಯಿತು. ಆಮೇಲೆ, ಮಕ್ಕಳೇ, ತಟ್ಟನೆ ಹೊಳೆಯಿತು. ಗಾಡಿ ಗೇರಿನಲ್ಲಿಲ್ಲ. ಕಲ್ಲು ಅಲ್ಲಿದೆ. ಅಪ್ಪ ಇಲ್ಲಿ, ಮುಂದೆ.

"ಅಪ್ಪಾ" ಎಂದು ಕೂಗಲು ಬಾಯಿ ತೆರೆದೆ. ಅದೇ ಗಳಿಗೆಗೆ ಎಂಜಿನ್ ಹತ್ತಿಕೊಂಡಿತು. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಇಡೀ ಲಾರಿ ಗಡಗಡ ನಡುಗಿತು. ನಡುಗಿದ ಏಟಿಗೆ ಹ್ಯಾಂಡ್‌ಬ್ರೇಕ್ ಹಲ್ಲು ತಪ್ಪಿ ಜಾರಿತು. ಕೆಳಗೆ ಪಚಕ್ ಎಂದು ಏನೋ ಒಡೆದದ್ದು ಸೀಟಿನಲ್ಲಿ ಗೊತ್ತಾಯಿತು. ನಿಂಬೆಹಣ್ಣು. ಬಾಳೆ ಎಲೆಗಳು ನನ್ನ ಕಣ್ಣೆದುರು ಮೆಲ್ಲಗೆ ಮುಂದಕ್ಕೆ ಹೊರಟವು.

ಅಪ್ಪ ಪಕ್ಕಕ್ಕೆ ಹಾರಿಕೊಳ್ಳಬಹುದಿತ್ತು. ಹಾರಲಿಲ್ಲ. ತಿರುಗಿ ನೋಡಿದರು, ಹಿಂದೆ ಅಜ್ಜಿ. ಹ್ಯಾಂಡಲನ್ನು ಎಸೆದು ಎರಡೂ ಕೈಯನ್ನು ಬಂಪರಿಗೆ ಕೊಟ್ಟು ನಿಂತರು. ಆಫೀಸಿನ ಫೈಲು ಎತ್ತಿದ ಕೈಗಳು ಅವು, ಅಂಥ ಲಾರಿಯನ್ನು ಹಿಡಿಯುತ್ತವೆಯೇ? ಅಪ್ಪ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕತೊಡಗಿದರು. ಚಪ್ಪಲಿ ಇಲ್ಲದ ಕಾಲು, ತೊಳೆದ ನೀರಿನಲ್ಲಿ ಜಾರುತ್ತಿತ್ತು. ಅಕ್ಕ ಕುಂಬಳಕಾಯಿ ಬಿಟ್ಟು ಅಜ್ಜಿಯನ್ನು ತಬ್ಬಿ ಎಳೆಯುವುದು ಕಂಡಿತು. ಅಪ್ಪನ ಬಾಯಿ ಅಲುಗುತ್ತಿತ್ತು. ಬ್ರೇಕ್ ತುಳಿ ಎನ್ನುತ್ತಿದ್ದಾರೆಂದು ನನಗೆ ಕೇಳಿಸದಿದ್ದರೂ ಗೊತ್ತಾಯಿತು.

ಸೀಟಿನಲ್ಲಿ ಕೂತರೆ ನನ್ನ ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ. ಸ್ಟೀರಿಂಗನ್ನು ಅಪ್ಪಿಕೊಂಡು ಕೆಳಗೆ ಜಾರಿ ಪೆಡಲಿನ ಮೇಲೆ ಎರಡೂ ಕಾಲಿಟ್ಟು ನಿಂತೆ. ಪೆಡಲು ಬೆಣ್ಣೆಯ ಹಾಗೆ ತಳಕ್ಕೆ ಹೋಯಿತು. ಲಾರಿ ನಿಲ್ಲಲಿಲ್ಲ. ಕೆಳಗೆ ನಿಂತಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ, ಅಪ್ಪ ಇದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಳು ಬಂತು. ಅಳುತ್ತಲೇ ಕಾಲೆತ್ತಿ ಮತ್ತೆ ತುಳಿದೆ. ಅಪ್ಪ ಓಡಿಸುವಾಗ ಒಂದೇ ಸಲಕ್ಕೆ ಬ್ರೇಕ್ ಒತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ, ಯಾವಾಗಲೂ ಎರಡು ಮೂರು ಸಲ ತುಳಿಯುತ್ತಿದ್ದರು. ಮೂರನೇ ಸಲ ತುಳಿದಾಗ ಪೆಡಲು ಅರ್ಧಕ್ಕೇ ಗಟ್ಟಿಯಾಯಿತು. ಲಾರಿ ಒಮ್ಮೆ ಮುಗ್ಗರಿಸಿ ನಿಂತಿತು. ನನ್ನ ಹಣೆ ಸ್ಟೀರಿಂಗಿಗೆ ಬಡಿಯಿತು.

ಎಂಜಿನ್ ಇನ್ನೂ ಗುಡುಗುತ್ತಿತ್ತು. ಕಾಲು ತೆಗೆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹೊರಗೆ ಯಾರೋ ಚೀರುತ್ತಿದ್ದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ಬಾಗಿಲು ತೆರೆಯಿತು.

"ಕಾಲು ತೆಗೀಬೇಡ ಕಂದಾ. ಅಪ್ಪ ಬಂದೆ. ತೆಗೀಬೇಡ."

ಅಪ್ಪ ಹತ್ತಿ ನನ್ನ ಕಾಲಿನ ಮೇಲೆಯೇ ತಮ್ಮ ಕಾಲಿಟ್ಟು ತುಳಿದರು. ಎಂಜಿನ್ ಆರಿಸಿ ಗೇರಿಗೆ ಹಾಕಿದರು. ಅವರ ಅಂಗೈಯ ಚರ್ಮ ಸುಲಿದು ಹೋಗಿತ್ತು, ಮಂಡಿ ತರಚಿತ್ತು. ಕೊನೆಯಲ್ಲಿ ಅವರು ಜಾರಿ ಬಿದ್ದಿದ್ದರಂತೆ. ಬಿದ್ದಲ್ಲಿಂದ ಚಕ್ರಕ್ಕೆ ಒಂದು ಮೊಳವೂ ಇರಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದಳು.

ಇಳಿದು ಹೋದ ಅಪ್ಪ ಕಲ್ಲಿಗಾಗಿ ಹುಡುಕಿದರು. ಮಣೆಯನ್ನು ನೋಡಿದರು. ಕುಂಕುಮ ಇಟ್ಟ ಕಲ್ಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಬಂದು ಚಕ್ರಕ್ಕೆ ಕೊಟ್ಟರು. ಅಷ್ಟರಲ್ಲಿ ಅಡುಗೆಮನೆಯಿಂದ ಓಡಿ ಬಂದ ಅಮ್ಮ ಬೀದಿಯಲ್ಲೇ ಕೇಳಿದಳು:

"ಕಲ್ಲು ತೆಗೆದಿದ್ದು ಯಾರು?"

ಅಪ್ಪ ನನ್ನ ಕಡೆ ಒಂದು ಸಲ ನೋಡಿದರು.

"ನಾನೇ ಕಣೇ. ತೊಳೆಯೋಕೆ ಅಂತ ತೆಗೆದೆ. ವಾಪಸ್ ಕೊಡೋದು ಮರೆತೇ ಹೋಯ್ತು."

"ಮರೆಯೋ ಮನುಷ್ಯನಿಗೆ ಲಾರಿ ಯಾಕ್ರೀ?" ಅಮ್ಮ ಅಲ್ಲೇ ಕೂತು ಅತ್ತುಬಿಟ್ಟಳು. "ಎರಡು ಮಕ್ಕಳಿರೋ ಮನೆ ಮುಂದೆ ಇದು ಇನ್ನು ನಿಲ್ಲಕೂಡದು."

ಅಪ್ಪ ವಾದಿಸಲಿಲ್ಲ. "ಆಯ್ತು" ಎಂದರು.

ಮುಂದಿನ ವಾರವೇ ಲಾರಿ ವಸಂತಪುರದಲ್ಲಿದ್ದ ಅವರ ಗೆಳೆಯರೊಬ್ಬರ ಹೊಲಕ್ಕೆ ಹೋಯಿತು. ಭಾನುವಾರ ಅಪ್ಪ ಸೈಕಲ್ ತುಳಿದುಕೊಂಡು ಅದನ್ನು ನೋಡಲು ಹೋಗುತ್ತಿದ್ದರು, ಕೆಲವು ಸಲ ನಾನು ಹಿಂದೆ ಕೂರುತ್ತಿದ್ದೆ. ಒಂದು ಸಲ ಧೈರ್ಯ ಮಾಡಿ, "ಅಪ್ಪ, ಅವತ್ತು ಆ ಕಲ್ಲು..." ಎಂದೆ. "ಗಟ್ಟಿಯಾಗಿ ಹಿಡ್ಕೋ, ಮುಂದೆ ಗುಂಡಿ ಇದೆ" ಎಂದರು ಅಪ್ಪ. ಗುಂಡಿ ಏನೂ ಇರಲಿಲ್ಲ. ವರ್ಷ ಕಳೆದಂತೆ ಹೋಗುವುದು ಕಡಿಮೆಯಾಯಿತು. ಲಾರಿ ಅಲ್ಲೇ ತುಕ್ಕು ಹಿಡಿಯಿತು.

ನಿಮ್ಮ ಅಪ್ಪನ ಕಾರು ಎದುರಿಗೆ ಯಾರಾದರೂ ಬಂದರೆ ಕೂಗಿಕೊಳ್ಳುತ್ತದೆ, ಇಳಿಜಾರಿನಲ್ಲಿ ತಾನೇ ನಿಲ್ಲುತ್ತದೆ. ತುಂಬಾ ಒಳ್ಳೆಯದು, ನಿಮ್ಮನ್ನು ಯಾರೂ ನನ್ನ ಹಾಗೆ ಪೆಡಲಿನ ಮೇಲೆ ನಿಲ್ಲಿಸುವುದು ಬೇಡ. ನಿಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಕಂಬಕ್ಕೊಂದು ಕ್ಯಾಮೆರಾ ಇದೆ. ಹೋದ ತಿಂಗಳು ಯಾರೋ ಕಾರಿಗೆ ಗೀರು ಹಾಕಿದಾಗ, ಅದು ಮೂರನೇ ಮಹಡಿಯ ಹುಡುಗ ಎಂದು ಐದು ನಿಮಿಷದಲ್ಲಿ ಎಲ್ಲರ ಫೋನಿಗೂ ಬಂತು. ಅವನ ಅಪ್ಪ ಏನೋ ಹೇಳಲು ಹೋಗಿ ಸುಮ್ಮನಾದದ್ದನ್ನು ನಾನು ನೋಡಿದೆ.

ನಮ್ಮ ರಸ್ತೆಯಲ್ಲಿ ಕ್ಯಾಮೆರಾ ಇರಲಿಲ್ಲ. ಅದಕ್ಕೇ ನನ್ನ ಅಪ್ಪ ಆ ಸುಳ್ಳು ಹೇಳಬಹುದಾಯಿತು, ಅದಕ್ಕೇ ನಾನು ಬಾಯಿ ಮುಚ್ಚಿಕೊಂಡಿರಬಹುದಾಯಿತು. ಅಮ್ಮ ಕೊನೆಯವರೆಗೂ ಅಪ್ಪನ ಮರೆವನ್ನು ಬೈಯುತ್ತಿದ್ದಳು, ಅಪ್ಪ ಕೊನೆಯವರೆಗೂ ಬೈಸಿಕೊಂಡರು. ಕಲ್ಲು ತೆಗೆದವಳು ನಾನು ಎಂದು ಅಕ್ಕನಿಗೂ ಇವತ್ತಿನವರೆಗೆ ಹೇಳಿಲ್ಲ. ಇದನ್ನು ಮೊದಲ ಸಲ ಕೇಳುತ್ತಿರುವವರು ನೀವು.