ಹಸಿ ಟವಲ್ಲಿನ ಆಯೇರಿ

ಸುಳ್ಳು ಅನ್ನುವವರು ಈಗಲೇ ಅಂದುಬಿಡ್ರಿ, ಆದರೆ ಹಾನಗಲ್ ತಾಲೂಕಿನಲ್ಲಿ ನನ್ನಷ್ಟು ಚೊಕ್ಕವಾಗಿ ಕಾರು ರಿಪೇರಿ ಮಾಡುವವನು ಇನ್ನೊಬ್ಬನಿಲ್ಲ. ನನಗೆ ಹೆಣ್ಣು ನೋಡಲು ತಿಳವಳ್ಳಿಗೆ ಹೊರಟ ದಿನ ಮುಂಜಾನೆ ಮಾಮನ ಹಳೇ ಕಾರಿನ ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಏರ್ ಫಿಲ್ಟರನ್ನು ನಾನೇ ಬಿಚ್ಚಿ, ಒರೆಸಿ, ಜೋಡಿಸಿದ್ದೆ. ಅಕ್ಕಿಆಲೂರು ದಾಟುವಷ್ಟರಲ್ಲಿ ಕಾರು ಕರೀ ಹೊಗೆ ಉಗುಳಿ ನಿಂತಿತು. ಪ್ಲಗ್ಗು ನೋಡಿದೆ, ಬ್ಯಾಟರಿ ನೋಡಿದೆ, ಪೆಟ್ರೋಲ್ ಹಾಕಿದವನನ್ನು ಬೈದೆ.

ಹಿಂದೆ ಮಾಮನ ಜೊತೆ ಕೂತಿದ್ದ ಅತ್ತಿ, "ಕೆಮ್ಮಾಕತ್ತಿತ್ತಲ್ಲೋ ತಮ್ಮಾ, ಮೂಗು ಕಟ್ಟಿರಬೇಕು ನೋಡು," ಎಂದಳು.

"ಅತ್ತಿ, ಇದು ಎಂಜಿನ್ ಐತಿ, ನಿನ್ನ ಎಮ್ಮಿ ಅಲ್ಲ."

ಅವಳ ಬಾಯಿ ಮುಚ್ಚಿಸಲೆಂದೇ ಫಿಲ್ಟರಿನ ಡಬ್ಬಿ ತೆರೆದೆ. ಒಳಗೆ, ಮುಂಜಾನೆಯಿಂದ ನಾನು ಹುಡುಕುತ್ತಿದ್ದ ನನ್ನ ಟವಲ್ಲು. ಅದನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟು ಚಾವಿ ತಿರುವಿದರೆ ಕಾರು ಗುರ್ರೆಂದಿತು. ನನ್ನ ಜೋಡಣೆಯಲ್ಲಿ ತಪ್ಪಿರಲಿಲ್ಲ ಎಂಬುದು ಅಲ್ಲಿಗೆ ಸಾಬೀತಾಯಿತು. ಆದರೆ ಒಪ್ಪುವವರು ಯಾರು?

ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ಮುಗಿಯುವುದರೊಳಗೆ ಅತ್ತಿ ಆ ಕರೀ ಟವಲ್ಲನ್ನು ಎತ್ತಿ ತೋರಿಸಿ ಎಲ್ಲವನ್ನೂ ಹೇಳಿದಳು. ಹುಡುಗಿ ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು. ಅವರಪ್ಪ ಕೇಳಿದರು: "ಮತ್ತ ಏನೇನ್ ಕೆಲಸ ಬರ್ತಾವ್ರಿ ನಿಮಗ?"

"ಮನ್ಯಾಗಿನ ರಿಪೇರಿ ಕೆಲಸ ಎಲ್ಲಾ ನಾನ ಮಾಡ್ತೇನ್ರಿ. ಹೊರಗಿನವರನ್ನ ಕರಿಯೂದಿಲ್ಲ."

"ಅದಕ್ಕ ನನಗ ಅಂಜಿಕಿ ಬರಾಕತ್ತೈತಿ. ಮಗಳ ಮಾತು ಆಮ್ಯಾಲ ನೋಡೋಣ್ರಿ."

ಹೊರಡುವಾಗ, ಬಂದವರಿಗೆ ಬಟ್ಟೆ ಕೊಡುವ ಪದ್ಧತಿಯಂತೆ ಆಯೇರಿ ಮಾಡಿದರು. ಮಾಮನಿಗೆ ಹೊಸ ಟವಲ್ಲು, ಅತ್ತಿಗೆ ಕುಬಸದ ಕಣ. ನನಗೆ, ತೊಳೆದು ಹಿಂಡಿ ಮಡಚಿದ ನನ್ನದೇ ಟವಲ್ಲು.