ನಿಲುಗಲ್ಲಿನ ಕೆಳಗಿನ ನೀರು

ನಿಮ್ಮ ಊರಿನ ಕೆರೆಯನ್ನು ನೀವು ಕೊನೆಯ ಸಲ ಬೇಸಿಗೆಯಲ್ಲಿ ನೋಡಿದ್ದು ಯಾವಾಗ? ತುಂಬಿದ ಕೆರೆಯನ್ನು ನೋಡಲು ಎಲ್ಲರೂ ಹೋಗುತ್ತಾರೆ. ನಾನು ಕೇಳುತ್ತಿರುವುದು ಅದನ್ನಲ್ಲ. ವೈಶಾಖದ ಬಿಸಿಲಿನಲ್ಲಿ, ಇದ್ದಷ್ಟು ನೀರು ನಡುಗುಂಡಿಗೆ ಸರಿದು ನಿಂತಾಗ, ಏರಿಯಿಳಿದು ಅಲ್ಲಿಯವರೆಗೆ ನಡೆದವರು ನಮ್ಮಲ್ಲಿ ಎಷ್ಟು ಮಂದಿ? ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ನಮ್ಮೂರಿನ ತೂಬಿನ ಕಾಕಾ. ಆಗ ನಾನು ಮಾತು ತಿರುಗಿಸಿದೆ.

ಕಳೆದ ತಿಂಗಳ ಮಳೆಗೆ ನಮ್ಮ ಹಳೆಯ ಮಾಳಿಗೆ ಸೋರಿತು. ಮೂಲೆಯ ಟ್ರಂಕನ್ನು ಸರಿಸಿದಾಗ ಅದರ ಹಿಂದೆ ಬಿದ್ದಿದ್ದ ಜಾಲಿ ಕಟ್ಟಿಗೆಯ ಬೆಣೆಯೊಂದು ತೊಯ್ದು ಕಪ್ಪಾಗಿತ್ತು. ಮೊಳದುದ್ದದ ಬೆಣೆ, ಒಂದು ತುದಿ ಚೂಪು, ಇನ್ನೊಂದು ಸುತ್ತಿಗೆಯ ಪೆಟ್ಟಿಗೆ ಹೂವಿನಂತೆ ಹರಡಿಕೊಂಡದ್ದು. ಅದರ ಸೀಳುಗಳಲ್ಲಿ ಉಳಿದಿದ್ದ ಮಣ್ಣು ನೀರು ಕುಡಿದು, ಕೆಸರಿನ, ಪಾಚಿಯ, ಸಣ್ಣ ಮೀನಿನ ವಾಸನೆಯನ್ನು ಕೋಣೆಯ ತುಂಬ ಬಿಟ್ಟಿತು. ಎಷ್ಟೋ ವರ್ಷಗಳ ಹಿಂದೆ ಒಣಗಿದ ಮಣ್ಣು...

ನಮ್ಮೂರು ಶಹಾಪುರ ಮತ್ತು ಸುರಪುರಗಳ ನಡುವೆ ಇದೆ. ಕೆರೆಯ ಏರಿಯ ಕೆಳಗೆ, ಮೀನು ಹಿಡಿಯುವವರು ಮತ್ತು ಕೂಲಿ ಮಾಡುವವರು ಇರುವ ಕೆಳಗೇರಿ. ಕಾಕಾ ಆ ಕೇರಿಯವರು. ಕೆರೆಯ ನೀರನ್ನು ಹೊಲಗಳಿಗೆ ಬಿಡುವ ತೂಬನ್ನು ತೆಗೆದು ಮುಚ್ಚುವ ಕೆಲಸ ಅವರ ಮನೆತನದ್ದು. ನೀರಿನಲ್ಲಿ ಮುಳುಗಿ ಮುಳುಗಿ ಅವರ ಎಡಗಿವಿ ಮಂದವಾಗಿತ್ತು. ಬೇಡವಾದ ಮಾತು ಬಂದಾಗ ಅವರು ಆ ಕಿವಿಯನ್ನೇ ಮುಂದೆ ಮಾಡುತ್ತಿದ್ದರು.

ಕೆರೆಯೊಳಗೆ ಒಂದು ಕಲ್ಲಿತ್ತು. ಅದನ್ನು ನಿಲುಗಲ್ಲು ಎನ್ನುತ್ತಿದ್ದರು. ನೀರು ಇಳಿದು ಕಲ್ಲಿನ ತಲೆ ಕಂಡ ದಿನ ಕಾಕಾ ತೂಬಿಗೆ ಬೆಣೆ ಹೊಡೆದು, ಮಣ್ಣು ಮೆತ್ತಿ ಬರುತ್ತಿದ್ದರು. ಆಮೇಲೆ ಗೌಡರ ಹೊಲಕ್ಕೂ ಹನಿ ನೀರಿಲ್ಲ. ಕಲ್ಲಿನ ಕೆಳಗೆ ಉಳಿದದ್ದು ದನಗಳಿಗೆ, ಮೀನಿಗೆ, ಮತ್ತು ಆ ನೀರಿನ ಒಸರಿನಿಂದಲೇ ಬದುಕಿದ್ದ ಕೆಳಗೇರಿಯ ಬಾವಿಗೆ. ಈ ನಿಯಮವನ್ನು ಯಾರೂ ಬರೆದಿಟ್ಟಿರಲಿಲ್ಲ. ಯಾರೂ ಮುರಿದಿರಲೂ ಇಲ್ಲ.

ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲಿನ ಮೊದಲ ವರ್ಷಗಳವು. ಕೆರೆಯ ಏರಿಯನ್ನು ಒಂದೆಡೆ ಕಡಿದು, ಹೊಸ ಹತ್ತಿ ಗಿರಣಿಗಳಿಗೂ ಅವುಗಳ ಸುತ್ತಲಿನ ತೋಟಗಳಿಗೂ ಕಾಲುವೆಯಲ್ಲಿ ನೀರು ಒಯ್ಯುವ ಯೋಜನೆ ಬಂತು. ನಾನು ಹೈದರಾಬಾದಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದು ಊರಿಗೆ ಮರಳಿದ್ದೆ. ನ್ಯಾಯವನ್ನು ಸರಿಯಾಗಿ ಮಂಡಿಸಿದರೆ ಅದು ಗೆದ್ದೇ ಗೆಲ್ಲುತ್ತದೆ ಎಂದು ನಂಬಿದ್ದೆ. ಯೋಜನೆಯ ವಿರುದ್ಧ ಅರ್ಜಿ ಬರೆದೆ, ಸಹಿ ಹಾಕಿಸಿದೆ, ಸ್ಥಳ ನೋಡಲು ಬರಬೇಕೆಂದು ಅಧಿಕಾರಿಗಳನ್ನು ಕೇಳಿಕೊಂಡೆ. ದೀಪಾವಳಿ ಕಳೆದ ಕೂಡಲೇ ಬರುವುದಾಗಿ ಅವರು ಒಪ್ಪಿದರು.

ಕಾಕಾ ನನ್ನನ್ನು ಏರಿಯ ಮೇಲೆ ತಡೆದು ನಿಲ್ಲಿಸಿದರು.

“ತಮ್ಮಾ, ಸಾಹೇಬರನ್ನ ಈಗ ಕರಕೊಂಡು ಬರಬ್ಯಾಡ. ಬ್ಯಾಸಗ್ಯಾಗ ಕರಕೊಂಡು ಬಾ. ನೀನರ ಬ್ಯಾಸಗ್ಯಾಗ ಕೆರಿ ನೋಡಿ ಎಷ್ಟು ವರ್ಷ ಆತು?”

“ವಾದ ಮಾಡೋದು ನನಗ ಬಿಡ್ರಿ ಕಾಕಾ,” ಎಂದೆ.

“ಬಿಟ್ಟೆ ನೋಡಪಾ. ನಿನ್ನ ಬಾಯಾಗ ನೀರು ಆರಂಗಿಲ್ಲ. ಕೆರ್ಯಾಗ ಆರ್ತದ.”

ಬಂದ ಅತಿಥಿಯ ಕಣ್ಣಿಗೆ ಮನೆಯ ಕೊರತೆ ಬೀಳಬಾರದೆಂಬುದು ನಮ್ಮ ಸೀಮೆಯ ಹಳೆಯ ನಡವಳಿಕೆ. ಊರಿನ ಹಿರಿಯರು ಅದರಂತೆಯೇ ನಡೆದರು. ಏರಿಯ ಮೇಲೆ ಚಪ್ಪರ ಹಾಕಿದರು. ಕೆರೆಯ ಮೀನು, ಹೊಸ ಅಕ್ಕಿಯ ಅನ್ನ ಮಾಡಿಸಿದರು. ಕಾಕಾನ ಕೈಯಿಂದಲೇ ತೂಬನ್ನು ಪೂರ್ತಿ ತೆಗೆಸಿ ನೀರಿನ ಧಾರೆಯನ್ನು ತೋರಿಸಿದರು. ನಾನು ಇತಿಹಾಸ, ನ್ಯಾಯ, ಉಪಯೋಗ ಎಂದು ಮೂರು ಭಾಗ ಮಾಡಿ ದೀರ್ಘವಾಗಿ ಮಾತಾಡಿದೆ. ಅಧಿಕಾರಿ ಊಟ ಮುಗಿಸಿ, ಬೆಳ್ಳಗೆ ಹೊಳೆಯುತ್ತಿದ್ದ ಕೆರೆಯನ್ನು ನೋಡಿ, ಉರ್ದುವಿನಲ್ಲಿ ನಗುತ್ತ ಹೇಳಿದರು: ಇಷ್ಟು ನೀರಿದ್ದೂ ಪಕ್ಕದವರಿಗೆ ಒಂದು ಬೊಗಸೆ ಕೊಡಲಾರಿರಾ?

ನಾನು ಮೂರನೆಯ ಭಾಗವನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ. ಕೆಲವೇ ದಿನಗಳಲ್ಲಿ ನೆಲ ಅಳೆಯುವ ಮೋಜಣಿಯವರು ಬಂದು ಗೂಟ ಹೊಡೆದರು. ಕಾಲುವೆಯ ಬಾಯಿ ನಿಲುಗಲ್ಲಿನ ತಲೆಗಿಂತ ಎರಡು ಮೊಳ ಕೆಳಗೆ ಬರುವುದಿತ್ತು. ಹಾಗಾದರೆ ಬೇಸಿಗೆಯಲ್ಲಿ ಕೆಳಗೇರಿಯ ಬಾವಿ ಬತ್ತಿದಂತೆಯೇ.

ಕಾಕಾ ನನ್ನನ್ನು ಹಂಗಿಸಲಿಲ್ಲ. ಚಳಿಗಾಲವಿಡೀ ಮನೆಮನೆಗೆ ತಿರುಗಿದರು. ಅವರು ಕೇಳಿದ್ದು ಸಹಿಯನ್ನಲ್ಲ, ಒಂದು ಮಾತನ್ನು: ಸಾಹೇಬರು ಮತ್ತೆ ಬಂದಾಗ ಚಪ್ಪರವಿಲ್ಲ, ಹಾರವಿಲ್ಲ, ಊಟವಿಲ್ಲ. ನಮ್ಮ ಕಡೆಯವರಿಂದ ಇಂಥ ಮಾತು ಪಡೆಯುವುದು ಎಷ್ಟು ಕಷ್ಟವೆಂದು ಹೊರಗಿನವರಿಗೆ ತಿಳಿಯಲಾರದು. ಚಾವಡಿಯಲ್ಲಿ ಗೌಡರು ಸಿಟ್ಟಾದರು.

“ಬಂದ ಮಂದಿನ ಉಪವಾಸ ಕಳಸಬೇಕೇನೋ? ಊರಿನ ಮಾನ ತಗದು ಕೆರ್ಯಾಗ ಹಾಕ್ತೀ?”

ಕಾಕಾ ಎಡಗಿವಿಯನ್ನು ಮುಂದೆ ಮಾಡಿದರು. ಅವರ ಬದಲಿಗೆ, ಬಾಗಿಲಲ್ಲಿ ಬುಟ್ಟಿ ಇಳಿಸಿ ಕುಳಿತಿದ್ದ ಮೀನು ಮಾರುವ ಅವ್ವ ಮಾತಾಡಿದಳು.

“ಮಾನ ನಿಮ್ಮದು ಗೌಡ್ರ, ನೀರಡಿಕಿ ನಮ್ಮದು. ಸಾಹೇಬರಿಗೆ ಉಣ್ಣಾಕ ಇಡಬೇಕಂದ್ರ ನಮ್ಮ ಬಾವ್ಯಾಗಿನ ರಾಡಿ ಅದ. ಎರಡು ಸೌಟು ಜಾಸ್ತೀನ ಬಡಸ್ತೀವಿ.”

ಮಂದಿ ನಕ್ಕರು. ಗೌಡರು ಹೆಗಲಿಗೆ ವಸ್ತ್ರ ಹಾಕಿಕೊಂಡು ಎದ್ದು ಹೋದರು. ಆದರೆ ಅವರ ಮನೆಯಿಂದ ಚಪ್ಪರದ ಗಳ ಮತ್ತೆ ಬರಲಿಲ್ಲ.

ಗೂಟಗಳನ್ನು ಇನ್ನೊಮ್ಮೆ ನೋಡಿ ಹೋಗಬೇಕೆಂದು ನಾನು ಕಾಗದ ಬರೆದೆ. ಈ ಸಲ ನನ್ನ ಪಾಲಿನ ಕೆಲಸ ಅಷ್ಟೇ. ವೈಶಾಖದಲ್ಲಿ ಅಧಿಕಾರಿ ಬಂದಾಗ ಏರಿಯ ಮೇಲೆ ಯಾರೂ ಇರಲಿಲ್ಲ. ಕಾಕಾ ಮುಂದೆ, ಸಾಹೇಬರು ಹಿಂದೆ, ಬಿರುಕುಬಿಟ್ಟ ನೆಲದ ಮೇಲೆ ನಡೆದರು. ಕಲ್ಲಿನ ಹತ್ತಿರ ಸಾಹೇಬರ ಬೂಟು ಕೆಸರಿನಲ್ಲಿ ಹೂತಿತು. ಕಾಕಾ ಕೈಕೊಟ್ಟು ಎಳೆದರು.

“ಈ ಕಲ್ಲ ಮ್ಯಾಲಿಂದು ಹೊಲದ್ದರಿ. ಕೆಳಗಿಂದು ದನದ್ದು, ಮೀನಿಂದು, ನಮ್ಮ ಬಾವೀದು.”

ಇದು ಎಲ್ಲಿ ಬರೆದಿದೆ ಎಂದು ಸಾಹೇಬರು ಕೇಳಿದರು.

“ಬರಿಯವರು ಯಾರೂ ಇಲ್ಲೀತನ ನಡದು ಬಂದಿಲ್ರಿ. ನೀವೇ ಮೊದಲ್ನೇವ್ರು.”

ಸಾಹೇಬರು ಕುಡಿಯಲು ನೀರು ಕೇಳಿದರು. ಮೀನಿನ ಅವ್ವ ಬಾವಿಯ ನೀರನ್ನು ಸೀರೆಯ ಸೆರಗಿನಲ್ಲಿ ಮೂರು ಸಲ ಸೋಸಿ ತಂಬಿಗೆಯಲ್ಲಿ ತಂದುಕೊಟ್ಟಳು. ಅವರು ಬಾಯಿಯವರೆಗೆ ಎತ್ತಿ, ಒಳಗೆ ನೋಡಿ, ಕೆಳಗಿಳಿಸಿದರು. ಕಾಲುವೆಯ ಬಾಯಿ ನಿಲುಗಲ್ಲಿನ ತಲೆಗಿಂತ ಕೆಳಗೆ ಬರಕೂಡದೆಂದು ಆ ತಿಂಗಳೇ ಹುಕುಂ ಹೊರಟಿತು.

ಅದು ಉರ್ದುವಿನಲ್ಲಿತ್ತು, ಒಂದೇ ಹಾಳೆ. ಕಾಕಾ ಅದನ್ನು ನನ್ನ ಬಳಿಗೆ ತಂದರು. “ತಮ್ಮಾ, ಇದನ್ನ ಕನ್ನಡದಾಗ ಬರದು, ಮ್ಯಾಲೆ ಕಚೇರಿ ಮುದ್ರಿ ಹೊಡಸಿಬಿಡು. ನಾ ಹೋದ ಮ್ಯಾಲೆ ಆ ಕಲ್ಲು ಮಾತಾಡಂಗಿಲ್ಲ.” ಆಗಲಿ ಎಂದೆ. ಆಮೇಲೆ ಎರಡು ಸಲ ನೆನಪಿಸಿದರು. ಎರಡು ಸಲವೂ ಆಗಲಿ ಎಂದೆ. ಅದು ಏಕೀಕರಣದ ಕಾಲ. ಯಾದಗಿರಿ, ಸುರಪುರ, ರಾಯಚೂರು ಎಂದು ವೇದಿಕೆಯಿಂದ ವೇದಿಕೆಗೆ ಹೋಗುತ್ತಿದ್ದೆ. ಕಚೇರಿಯ ಪ್ರತಿಯೊಂದು ಕಾಗದವೂ ಕನ್ನಡದಲ್ಲಿರಬೇಕೆಂದು ಗಂಟೆಗಟ್ಟಲೆ ಭಾಷಣ ಮಾಡಿದೆ. ಆ ಒಂದು ಹಾಳೆಯನ್ನು ಬರೆಯಲಿಲ್ಲ.

ಹೊಸ ರಾಜ್ಯವಾಯಿತು. ಅಧಿಕಾರಿಗಳು ಬದಲಾದರು, ಹಳೆಯ ದಫ್ತರಗಳು ಗಂಟು ಕಟ್ಟಿಸಿಕೊಂಡು ಎಲ್ಲಿಗೋ ಹೋದವು. ಕಾಲುವೆಯ ಬಾಯನ್ನು ಕೆಳಗಿಳಿಸಲು ಬಂದವರಿಗೆ ಕಾಕಾ ತಮ್ಮ ಬಳಿಯಿದ್ದ ಆ ಉರ್ದು ಹಾಳೆಯನ್ನೇ ತೋರಿಸಿದರಂತೆ. ಅವರಿಗೆ ಓದಲು ಬರಲಿಲ್ಲ. ಕಾಕಾ ಬಾಯಿಪಾಠ ಹೇಳಿದರು, ಅವರು ನಂಬಲಿಲ್ಲ. ನಾನು ಆಗ ಊರಲ್ಲಿರಲಿಲ್ಲ. ಮರಳಿದಾಗ ನಿಲುಗಲ್ಲು ನಾಲ್ಕು ತುಂಡಾಗಿ ಕಾಲುವೆಯ ಗೋಡೆಯಲ್ಲಿ ಕುಳಿತಿತ್ತು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ತೂಬಿನ ಈ ಬೆಣೆ ಇತ್ತು. ಇಟ್ಟವರು ಬಾಗಿಲು ತಟ್ಟಿರಲಿಲ್ಲ. ಅದೇ ಬೇಸಿಗೆಯಲ್ಲಿ ಬಾವಿ ಬತ್ತಿತು. ಕೆಳಗೇರಿಯ ಅರ್ಧ ಮನೆಗಳು ಭೀಮಾ ದಂಡೆಗೆ ಹೊರಟುಹೋದವು, ಕಾಕಾನ ಮನೆಯೂ. ಅವರು ಎಲ್ಲಿ ತೀರಿಕೊಂಡರೆಂದು ನನಗೆ ತಿಳಿಯದು. ಈಗ ಭೀಮರಾಯನಗುಡಿ ಕಡೆಯಿಂದ ದೊಡ್ಡ ಕಾಲುವೆಯ ನೀರು ಹೊಲಗಳಿಗೆ ಬರುತ್ತದೆ. ಕೆರೆ ಯಾರಿಗೆ ಬೇಕು ಎನ್ನುವವರೇ ಹೆಚ್ಚು. ನಾನು ಬೆಣೆಯನ್ನು ಒರೆಸಿ, ಮಣ್ಣನ್ನು ಕೆದಕದೆ, ಕಿಟಕಿಯಲ್ಲಿಟ್ಟಿದ್ದೇನೆ.

ಓದುಗರಲ್ಲಿ ನನ್ನದೊಂದೇ ಕೋರಿಕೆ. ಬರುವ ವೈಶಾಖದಲ್ಲಿ ನಿಮ್ಮೂರಿನ ಕೆರೆಗೆ ಇಳಿಯಿರಿ. ನೀರು ಎಲ್ಲಿಯವರೆಗೆ ಯಾರದು ಎಂದು ತಿಳಿದವರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದು, ಅವರ ಹೆಬ್ಬೆಟ್ಟು ಒತ್ತಿಸಿ, ಪಂಚಾಯತಿಯ ಗೋಡೆಗೆ ಅಂದೇ ಹಚ್ಚಿರಿ.