ಹುಲಿಗಿ ಹೊಳಿಗೆ ಬಿಡೋ ಎಡಿ

ನಮ್ಮ ದೇವರ ಕೋಲ್ಯಾಗ ಐದು ಫೋಟೋ ಅದಾವು. ನಮ್ಮಪ್ಪ, ನಮ್ಮವ್ವ, ನನ್ನ ಹೆಂಡ್ತಿ ಅಪ್ಪ, ಅವ್ವ. ಈ ನಾಕೂ ಮಂದಿ ಹಲ್ಲು ಬಿದ್ದ ಹಿರೇರು. ಐದನೇದಂವ ಮಾತ್ರ ಹರೇದ ಹುಡುಗ. ಬಿಳಿ ಡ್ರೆಸ್ಸು, ಎದಿಮ್ಯಾಲೆ ರೆಕ್ಕಿ ಬಿಲ್ಲೆ, ಬಾಯಿ ತುಂಬ ಹಲ್ಲು. ನನಗೀಗ ಎಂಬತ್ತರ ಹತ್ತಿರ. ದಿನಾ ಮುಂಜಾನೆ ಊದಿನಕಡ್ಡಿ ಹಚ್ಚಾಕ ಹೋಗೋ ಮುಂದ ಹಲ್ಲಿನ ಸೆಟ್ಟು ಹಾಕ್ಕೊಂಡಽ ಹೋಗತೀನಿ. ಅವನ ಮುಂದ ಬೊಚ್ಚುಬಾಯಿಲೆ ನಿಂದ್ರಾಕ ನನಗ ಮನಸಿಲ್ಲ.

ಅಂವ ನೌಕಾಪಡೆ ಪೈಲಟ್. ಹಡಗದ ಮ್ಯಾಲಿಂದ ವಿಮಾನ ಹಾರಸ್ತಿದ್ದ. ಬಾಂಗ್ಲಾ ಯುದ್ಧದಾಗ ಪೂರ್ವದ ಸಮುದ್ರದ ಮ್ಯಾಲೆ ಹೋದಂವ ತಿರುಗಿ ಬರಲಿಲ್ಲ. ವಿಮಾನ ಸಿಗಲಿಲ್ಲ, ಹೆಣಾನೂ ಸಿಗಲಿಲ್ಲ. ಅಷ್ಟೊತ್ತಿಗೆ ಅವಗ ಈಗಿನ ನನ್ನ ಹೆಂಡ್ತಿ ಜೋಡಿ ನಿಶ್ಚಯ ಆಗಿತ್ತು. ಲಗ್ನ ಬ್ಯಾಸಗಿಗೆ ಅಂತ ಮಾತಾಗಿತ್ತು.

ಆಕಿಗೆ ಅಂವ ಸೋದರಮಾವನ ಮಗ, ಯಲಬುರ್ಗಾದಂವ. ನಾ ಸೋದರತ್ತಿ ಮಗ, ತಾವರಗೇರಾದಂವ. ಹುಡುಗಿ ಮನಿ ಗಂಗಾವತ್ಯಾಗ. ನಮ್ಮ ಕಡೆ ಮಾವನ ಮಗಗೂ ಅತ್ತಿ ಮಗಗೂ ಹುಡುಗಿ ಕೇಳಾಕ ಹಕ್ಕು ಐತಿ. ಹಕ್ಕು ಇದ್ರ ಏನ್ ಬಂತ್ರಿ? ಒಂದು ಕಡೆ ವಿಮಾನದಂವ, ಇನ್ನೊಂದು ಕಡೆ ಬಸ್ಸಿನ ಡ್ರೈವರ್ ನೌಕರಿಗೆ ಅಲೀಲಿಕ್ಕೆ ಹತ್ತಿದಂವ. ನಮ್ಮವ್ವ ಕೇಳಬೇಕಂತ ಮಾಡಿದ್ಳು. ಬಾಯಿ ತೆಗಿಯೋದ್ರೊಳಗ ಯಲಬುರ್ಗಾದವರು ನಿಶ್ಚಯದ ಸಕ್ಕರಿ ತಗೊಂಡು ಬಂದು ಕುಂತಿದ್ರು.

ಹಂಗಂತ ಅಂವ ನನಗೇನು ಗುರುತಿಲ್ಲದಂವ ಅಲ್ಲ. ಕುಷ್ಟಗಿ ಸಾಲ್ಯಾಗ ನಾವಿಬ್ಬರೂ ಒಂದಽ ಬೆಂಚಿನ ಮ್ಯಾಲೆ ಕುಂತೇವಿ, ಒಂದಽ ಬೋರ್ಡಿಂಗಿನಾಗ ಉಂಡೇವಿ. ಸಂತಿ ದಿನ ಸಾಲಿ ಬಿಟ್ಟ ಕೂಡ್ಲೆ ಅಂವ ಮಿರ್ಚಿ ಕರಿಯೋ ಮುದುಕಿ ಮುಂದ ಹೋಗಿ ನಿಂದರತಿದ್ದ. ಖಾರ ಹತ್ತಿ ಕಣ್ಣು ಮೂಗು ಎರಡೂ ಸುರಿಯಾಕ ಹತ್ತಿದ್ರೂ "ಇನ್ನೊಂದು ಕೊಡು ಆಯಿ" ಅಂತಿದ್ದ. ಸಿಹಿ ಅಂದ್ರ ಮಾರಿ ತಿರುವತಿದ್ದ. ಆಮ್ಯಾಲೆ ವಿಜಾಪುರಕ್ಕ ಓದಾಕ ಹೋದ, ಅಲ್ಲಿಂದ ಸಮುದ್ರ ಸೇರಿದ. ನಾ ತಾವರಗೇರಾದಾಗಽ ಉಳಿದೆ.

ಒಮ್ಮೆ ಸೂಟಿ ಮ್ಯಾಲೆ ಬಂದಾಗ ಗಂಗಾವತಿ ಮನ್ಯಾಗ ಎಲ್ಲಾರೂ ಸೇರಿದ್ವಿ. ಹಡಗದ ಮ್ಯಾಲೆ ವಿಮಾನ ಇಳಿತೈತಿ ಅಂದ್ರ ಯಾರೂ ನಂಬವಲ್ಲರು. ನಮ್ಮ ಮಂದಿ ನೋಡಿದ ದೊಡ್ಡ ನೀರು ಅಂದ್ರ ತುಂಗಭದ್ರಾ ಡ್ಯಾಮು, ಅಷ್ಟಽ. ಆವಾಗ ಅಂವ ಅಡಗಿ ಮನಿಯಿಂದ ಊಟದ ಮಣಿ ತರಿಸಿದ, ಅದು ಹಡಗ ಅಂದ. ಅದರ ಮ್ಯಾಲೆ ಅಡ್ಡ ದಾರ ಕಟ್ಟಿದ. ಬಗ್ಗಿದ ಕೈಯಿನ ಸೌಟು ತಗೊಂಡು, ಇದು ವಿಮಾನ, ಇದರ ಬಾಲಕ್ಕ ಹಿಂಗ ಕೊಂಡಿ ಇರತೈತಿ, ಕೊಂಡಿ ದಾರಕ್ಕ ಸಿಗಬೇಕು ಅಂತ ಇಳಿಸಿ ತೋರಿಸಿದ. "ಹಗ್ಗ ಸಿಗಲಿಲ್ಲಂದ್ರ ಹೆಂಗಪ್ಪಾ?" ಅಂತ ನಮ್ಮವ್ವ ಕೇಳಿದ್ಳು. "ಮತ್ತ ಹಾರೋದು ಅತ್ತಿ, ಇನ್ನೊಂದು ಸುತ್ತು ಹೊಡದು ಬರೋದು" ಅಂದ. ಬಾಗಲ ಹಿಂದಿನಿಂದ ಒಂದು ನಗು ಕೇಳ್ತು. ಆಕಿದು. ನಾ ಎಷ್ಟು ನಗಚಾಟಿಕಿ ಮಾಡಿದ್ರೂ ಆ ನಗು ಎಂದೂ ಹೊರಗ ಬಂದಿರಲಿಲ್ಲ. ಹೊಟ್ಟ್ಯಾಗ ಬೆಂಕಿ ಬಿತ್ತು ನೋಡ್ರಿ, ಅವತ್ತು ಬಿದ್ದಿದ್ದು.

ನಿಶ್ಚಯದ ದಿನ ಪಂಕ್ತ್ಯಾಗ ಬಡಿಸಿದಂವ ನಾನಽ. ಅವನ ಎಲಿಗೆ ತುಪ್ಪ ಹಾಕಾಕ ಬಗ್ಗಿದೆ. ಅಂವ ತಲಿ ಎತ್ತಿ ನನ್ನ ನೋಡಿ ಕಣ್ಣು ಹೊಡದ. ಮಂದಿ ಇಲ್ಲದಿದ್ರ ತುಪ್ಪದ ಗಿಂಡಿನಽ ಅವನ ತಲಿಮ್ಯಾಲೆ ಸುರವತಿದ್ದೆ.

ಯುದ್ಧ ಮುಗಿದು ವರ್ಷ ಕಳದ ಮ್ಯಾಲೆ ಹಿರೇರು ಸೇರಿ ಆಕಿನ್ನ ನನಗ ಕೊಟ್ಟು ಮಾಡಿದ್ರು. ಲಗ್ನದಾಗ ಅಕ್ಕಿಕಾಳು ಹಾಕಾಕ ಬಂದವರೆಲ್ಲಾ ಒಂದಽ ಮಾತು: "ಹುಡುಗಿ ನಸೀಬು ಛಲೋ ಐತಿ, ಇನ್ನೊಬ್ಬ ಇದ್ದ." ಇನ್ನೊಬ್ಬ! ಬಾಸಿಂಗ ಕಟ್ಟಿಕೊಂಡು ಕುಂತಂವ ನಾ, ನನ್ನ ಹೆಸರು ಇನ್ನೊಬ್ಬ ಅಂತಾತು. ಸತ್ತವನ ಮ್ಯಾಲೆ ಹೊಟ್ಟಿಕಿಚ್ಚು ಪಡಬಾರದು ಅಂತ ಮಂದಿ ಹೇಳತಾರ. ಅವರಿಗೇನ್ರಿ, ಹೇಳತಾರ. ಬದುಕಿದ್ದಂವ ಆದ್ರ ಒಂದಿಲ್ಲ ಒಂದು ದಿನ ಹೊಟ್ಟಿ ಬರತೈತಿ, ತಲಿ ಬೋಳಾಗತೈತಿ, ಹೆಂಡ್ತಿ ಕೈಲೆ ಬೈಸ್ಕೊಂತಾನ. ಇವಗ ಅದೇನೂ ಇಲ್ಲ. ನಾ ಕುಷ್ಟಗಿ-ಗಂಗಾವತಿ ಬಸ್ಸು ಓಡಿಸಿ ಓಡಿಸಿ ಬೆನ್ನು ಮುರಕೊಂಡೆ, ಅಂವ ಇನ್ನೂ ವಿಮಾನದಾಗಽ ಅದಾನ.

ಹೆಣ ಸಿಗದಿದ್ದಕ್ಕ ಅವಗ ಮಣ್ಣು ಕೊಟ್ಟ ಜಾಗ ಅಂತ ಇಲ್ಲ. ಮಾನೌಮಿ ಅಮಾಸಿ ಅಂದ್ರ ಹಿರೇರಿಗೆ ಎಡಿ ಇಡೋ ದಿನ. ಸತ್ತವರಿಗೆ ಏನ್ ಸೇರತಿತ್ತೋ ಅದನ್ನ ಮಾಡಿ ಅವರ ಮುಂದ ಇಡಬೇಕು. ಇವಗ ಎಲ್ಲಿ ಇಡೋದು? ಅವನ ಅವ್ವ ತಾನಽ ಒಂದು ಪದ್ಧತಿ ಮಾಡಿದ್ಳು. ಬಾಳಿ ಎಲಿಮ್ಯಾಲೆ ಎಡಿ ಬಡಿಸ್ಕೊಂಡು ಹುಲಿಗಿಗೆ ಹೋಗಿ ತುಂಗಭದ್ರಾ ಹೊಳಿಗೆ ಬಿಡತಿದ್ಳು. ಈ ನೀರು ಹೋಗಿ ಹೋಗಿ ಅಂವ ಬಿದ್ದ ಸಮುದ್ರನಽ ಸೇರತೈತಿ, ನನ್ನ ಮಗಗ ಮುಟ್ಟತೈತಿ ಅಂತಿದ್ಳು. ಆಕಿ ಸಾಯೋ ಮುಂದ ನನ್ನ ಹೆಂಡ್ತಿ ಕೈ ಹಿಡದು "ಇನ್ನ ಮ್ಯಾಲೆ ನೀ ಇಡವಾ" ಅಂದ್ಳು. ಸೊಸಿ ಆಗಬೇಕಿದ್ದಾಕಿಗೆ ಹೇಳಿದ್ಳು. ನಾ ಏನಂತ ಬ್ಯಾಡ ಅನ್ನಲಿ?

ಅಲ್ಲಿಂದ ಸುರು ಆತು ನೋಡ್ರಿ ನನ್ನ ಸಂಕಟ. ವರ್ಷಾ ಅಮಾಸಿಗೆ ನನ್ನ ಹೆಂಡ್ತಿ ಅವನ ಎಡಿಗೆ ಶೇಂಗಾ ಹೋಳಿಗಿ ಮಾಡತಾಳ, ಅಂಚು ಕೆಂಪಗ ಆಗಿ ಗರಿಗರಿ ಆಗೋ ಹಂಗ. ಬದನಿಕಾಯಿ ಎಣ್ಣಿಗಾಯಿ, ಅದಕ್ಕ ಗುರೆಳ್ಳು ಒಂದು ಹಿಡಿ ಹೆಚ್ಚು. ಸಜ್ಜಿ ರೊಟ್ಟಿ, ಕೆನಿ ಮೊಸರು. ಇವೆಲ್ಲಾ ನನಗ ಜೀಂವ. ಹಬ್ಬ ಹುಣ್ಣಿವಿಗೆ ನಾ ಬಾಯಿ ಬಿಟ್ಟು ಕೇಳಿದ್ರ "ಶೇಂಗಾ ಹುರದು ಕುಟ್ಟೋರು ಯಾರು?" ಅಂತ ಗದರತಿದ್ಳು. ಅವಗಾದ್ರ ಮುಂಜಾನೆ ಎದ್ದು ಹುರೀತಾಳ. ಎಡಿ ಬಿಟ್ಟು ಬಂದ ಮ್ಯಾಲೆ ಉಳಿದದ್ದು ನನಗ. ಅವನ ಎಂಜಲ ಉಂಡಂಗ ಆಗತಿತ್ತು, ಆದ್ರೂ ಉಣ್ಣತಿದ್ದೆ. ಹೋಳಿಗಿ ಅಷ್ಟು ಛಲೋ ಇರತಿದ್ವು.

ನನ್ನ ತಲಿ ಕೆಡಿಸಿದ್ದು ಬ್ಯಾರೆ. ನನಗ ಗೊತ್ತಿದ್ದಂವ ಮಿರ್ಚಿ ತಿನ್ನೋ ಹುಡುಗ, ಸಿಹಿ ಮುಟ್ಟದಂವ. ದೊಡ್ಡಂವ ಆದ ಮ್ಯಾಲೆ ರುಚಿ ಬದಲಾಗಿರಬೇಕು. ಬದಲಾಗಿದ್ದು ನನ್ನ ಹೆಂಡ್ತಿಗೆ ಗೊತ್ತೈತಿ ಅಂದ್ರ ಅಂವ ಹೇಳ್ಯಾನ. ಅಂಚು ಕೆಂಪಗ ಇರಬೇಕು ಅನ್ನೋತನಕ ಹೇಳ್ಯಾನ ಅಂದ್ರ ಕುಂತು ಮಾತಾಡ್ಯಾರ. ಎಲ್ಲಿ? ಯಾವಾಗ? ಹಿತ್ತಲದಾಗೇನು, ಕಾಲುವಿ ದಂಡಿಮ್ಯಾಲೇನು? ಸ್ಟೇರಿಂಗ್ ಹಿಡಕೊಂಡು ಇದನ್ನಽ ಯೋಚಿಸ್ಕೊಂತ ಎಷ್ಟು ಸಲ ಸ್ಟಾಪು ದಾಟಿ ಹೋಗೀನೋ. ಬಾಯಿಬಿಟ್ಟು ಕೇಳಾಕ ಮಾತ್ರ ಧೈರ್ಯ ಆಗಲಿಲ್ಲ. ಹೌದು ಅಂದ್ಲಂದ್ರ ಆಮ್ಯಾಲೆ ನಾ ಆ ಮನ್ಯಾಗ ಹೆಂಗ ಇರಲಿ?

ಈ ವರ್ಷ ಆಕಿಗೆ ಮೊಣಕಾಲು ಬ್ಯಾನಿ. ನಿಂದ್ರಾಕ ಆಗವಲ್ದು. ಅಮಾಸಿ ಮುಂಜಾನೆ ಕುರ್ಚಿಮ್ಯಾಲೆ ಕುಂತು ಹೋಳಿಗಿ ಲಟ್ಟಿಸಿ ಕೊಟ್ಟು, "ನೀವು ಒಂದೀಟು ಬೇಯಿಸ್ರಿ" ಅಂದ್ಳು. ನೋಡ್ರಿ ನನ್ನ ಹಣೇಬರಹ! ಅವಗ ನಾ ಹೋಳಿಗಿ ಬೇಯಿಸಬೇಕು. ಹಂಚಿನ ಮುಂದ ನಿಂತೆ. ಆಕಿ ಅಲ್ಲಿಂದಽ, "ಉರಿ ಸಣ್ಣ ಮಾಡ್ರಿ, ಅಂಚು ಕೆಂಪಗ ಆಗಬೇಕು" ಅಂದ್ಳು.

ನನಗ ತಡಿಯಲಿಲ್ಲ. ಚಮಚ ಕಟ್ಟಿಮ್ಯಾಲೆ ಕುಕ್ಕಿದೆ. "ಅಂಚು ಕೆಂಪಗ ಬೇಕಂತ ಅಂವ ಯಾವಾಗ ಹೇಳಿದ್ದ ನಿನಗ?"

"ಯಾರು?"

"ಅಂವಽ. ನಿನ್ನ ವಿಮಾನದಂವ. ಎಲ್ಲಿ ಕುಂತು ಹೇಳಿದ್ದ?"

ಆಕಿ ಲಟ್ಟಣಿಗಿ ಹಿಡಕೊಂಡು ನನ್ನ ಮಾರಿ ನೋಡಿದ್ಳು. "ನಿಮಗ ತಲಿ ಗಿಲಿ ಕೆಟ್ಟೈತೇನ್ರಿ? ಅವನ ಜೋಡಿ ನಾ ಒಂದು ಮಾತರ ಆಡೀನೇನು? ನಿಶ್ಚಯದಾಗ ತಲಿ ತಗ್ಗಿಸ್ಕೊಂಡು ಕುಂತು ಅವನ ಕಾಲು ನೋಡೀನಿ, ಅಷ್ಟಽ. ಅವಗ ಏನ್ ಸೇರತಿತ್ತೋ ನನಗೇನ್ ಗೊತ್ತು? ಅವನ ಅವ್ವ ನೀ ಇಡು ಅಂದ್ಳು, ಏನ್ ಇಡಲಿ ಅಂತ ಕೇಳೋದ್ರೊಳಗ ಆಕಿ ಬಾಯಿ ನಿಂತು. ಗಂಡಸರ ಬಾಯಿರುಚಿ ಅಂತ ನನಗ ಗೊತ್ತಿರೋದು ಒಬ್ಬಾತಂದು. ಅದನ್ನಽ ಮಾಡಿ ಇಡಕೊಂತ ಬಂದೆ."

ಹಂಚಿನ ಮ್ಯಾಲೆ ಹೋಳಿಗಿ ಕರ್ರಗ ಆತು. "ಹೊತ್ತತ್ರಿ, ಹೊತ್ತತು!" ಅಂತ ಆಕಿ ಒದರಿದ್ಳು. ನಾ ಒಲಿ ಆರಿಸಿದೆ. ಇಷ್ಟು ವರ್ಷ ಹೊಳಿಗೆ ಹೋಗಿದ್ದೆಲ್ಲಾ ನನ್ನ ಊಟ! ಎಂಥಾ ಖುಷಿ ಆತು ಅಂದ್ರ, ದೇವರ ಕೋಲಿಗೆ ಹೋಗಿ ಅವನ ಫೋಟೋ ಮುಂದ ನಿಂತೆ. ಹಲ್ಲಿನ ಸೆಟ್ಟು ಹಾಕ್ಕೊಳ್ಳೋದು ಮರತಿದ್ದೆ. ಬೊಚ್ಚುಬಾಯಿಲೆ ನಕ್ಕೆ. ನಗಕೊಂತ ನಿಂತಾಗ ಮಿರ್ಚಿ ಮುದುಕಿ ನೆನಪಾದ್ಳು. ಅವನ ಅವ್ವ ಹೋದ ಮ್ಯಾಲೆ ಪಾಪ, ಈ ಮಗಗ ಬೇಕಾದ್ದು ಯಾರೂ ಇಟ್ಟಿಲ್ಲ. ಅವಗ ಏನ್ ಬೇಕು ಅಂತ ಗೊತ್ತಿದ್ದಂವ ಈಗ ನಾ ಒಬ್ಬನಽ ಉಳದೀನಿ.

ಹುಲಿಗಿ ಬಸ್‌ಸ್ಟ್ಯಾಂಡಿನಾಗ ಇಳದ ಕೂಡ್ಲೆ ಬಂಡಿ ಮುಂದ ನಿಂತು ಬಿಸಿ ಮಿರ್ಚಿ ಕಟ್ಟಿಸಿದೆ. ಹೆಂಡ್ತಿ ಹುಬ್ಬು ಗಂಟು ಹಾಕಿದ್ಳು. "ಹೊರಗಿನದ್ದು ಎಡಿಗೆ ಇಡತಾರೇನ್ರಿ?"

"ಅವಗ ಇದಽ ಸೇರತಿತ್ತು. ಖಾರ ಹತ್ತಿದ್ರ ಹತ್ತಲಿ, ಸಮುದ್ರದಾಗ ನೀರಿಗೇನು ಕಡಿಮಿ?"

"ನಿಮಗ ಹೆಂಗ ಗೊತ್ತು?"

"ನಾವು ಮಾತಾಡೇವಿ" ಅಂದೆ. "ನಾನೂ ಅವನೂ ಜಗ್ಗಿ ಮಾತಾಡೇವಿ."

ಎಲಿಮ್ಯಾಲೆ ಹೋಳಿಗಿ ಬಾಜೂಕ ಮಿರ್ಚಿ ಇಟ್ಟು ನೀರಿಗೆ ಬಿಟ್ವಿ. ಡ್ಯಾಮಿನಿಂದ ನೀರು ಬಿಟ್ಟಿದ್ರು, ಎಲಿ ಲಗೂನ ಹೋತು. ಆಕಿ ಮೊಣಕಾಲು ಹಿಡಕೊಂಡು ಮೆಟ್ಟಿಲ ಮ್ಯಾಲೆ ಕುಂತ್ಳು. ಎಲಿ ಕಾಣದಂಗ ಆದ ಮ್ಯಾಲೂ ಏಳಲಿಲ್ಲ. ಆಮ್ಯಾಲೆ ನನ್ನ ಕಡೆ ನೋಡದಽ ಕೇಳಿದ್ಳು, "ಹೆಂಗಿದ್ದನ್ರಿ ಅಂವ?"

ಮತ್ತ ಬಿತ್ತು ನೋಡ್ರಿ ಹೊಟ್ಟ್ಯಾಗ ಬೆಂಕಿ. ಇಲ್ಲದ್ದು ಹೇಳಿದ್ರ ಯಾರು ಕೇಳೋರು? ಆಕಿ ಕಾಯಾಕ ಹತ್ತಿದ್ಳು. ಐವತ್ತರ ಮ್ಯಾಲೆ ಮಳಿಗಾಲದ ಹಿಂದ ಬಾಗಲ ಹಿಂದ ನಿಂತಾಗ ಹಿಂಗಽ ಕಾದಿದ್ಳೋ ಏನೋ.

"ನನಗಿಂತ ಎತ್ತರ ಇದ್ದ" ಅಂದೆ.

"ಅದು ನನಗೂ ಗೊತ್ತೈತಿ. ಬ್ಯಾರೆ ಹೇಳ್ರಿ."

ನಾ ಆಕಿ ಬಾಜೂಕ ಕುಂತು, ಹೊಟ್ಟಿ ಉರಕೊಂತನಽ, ಕುಷ್ಟಗಿ ಸಂತಿಯಿಂದ ಸುರು ಮಾಡಿ ಹೇಳಾಕ ಹತ್ತಿದೆ.